ಸವಳಂಗದಲ್ಲಿ ಕೂತು ‘ದಿ ವೈರ್’ ನೋಡಿದ್ದು

2024ರ ಅಕ್ಟೋಬರ್ ಕೊನೆಯ ವಾರ ನ್ಯಾಮತಿಯ ಸ್ಟೇಟ್ ಬ್ಯಾಂಕ್ ಶಾಖೆಗೆ ಕಿಟಕಿ ಮುರಿದು ನುಗ್ಗಿದವರು 17 ಕಿಲೋಗೂ ಹೆಚ್ಚು ಚಿನ್ನ ಹೊತ್ತುಕೊಂಡು ಹೋದರು. ಬೆಲೆ ಸುಮಾರು 13 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಅದು ಬ್ಯಾಂಕಿನ ಸ್ವಂತ ಚಿನ್ನವಲ್ಲ. ಸುತ್ತಲಿನ ಜನ ಕಷ್ಟಕ್ಕೆ ಅಡವಿಟ್ಟ ಒಡವೆ. ಹೋಗುವಾಗ ನೆಲಕ್ಕೆಲ್ಲ ಖಾರದ ಪುಡಿ ಎರಚಿ, ಸಿಸಿಟಿವಿಯ ಡಿವಿಆರ್ ಪೆಟ್ಟಿಗೆಯನ್ನೂ ಕಿತ್ತುಕೊಂಡು ಹೋಗಿದ್ದರು. ಐದು ತಿಂಗಳ ನಂತರ, 2025ರ ಮಾರ್ಚ್ ಮುಗಿಯುವ ಹೊತ್ತಿಗೆ, ದಾವಣಗೆರೆ ಪೊಲೀಸರು ಆರು ಜನರನ್ನು ಹಿಡಿದ ಸುದ್ದಿ ಬಂತು. ಚಿನ್ನ ತಮಿಳುನಾಡಿನ ಮದುರೈ ಕಡೆಯ ಒಂದು ಬಾವಿಯಲ್ಲಿ ಸಿಕ್ಕಿತ್ತು. ಪೊಲೀಸರು ಹೇಳಿದ ಇನ್ನೊಂದು ಸಂಗತಿ ಚಿನ್ನಕ್ಕಿಂತ ಹೆಚ್ಚು ಓಡಾಡಿತು: ಮುಖ್ಯ ಆರೋಪಿ ‘ಮನಿ ಹೀಸ್ಟ್’ ಎಂಬ ಸ್ಪ್ಯಾನಿಷ್ ಸರಣಿಯನ್ನು ಮತ್ತೆ ಮತ್ತೆ ನೋಡಿ ಯೋಜನೆ ಹಾಕಿದ್ದನಂತೆ.

ಸವಳಂಗದಿಂದ ನ್ಯಾಮತಿ ದೂರವೇನಲ್ಲ. ನಮ್ಮೂರ ಸರ್ಕಲ್ಲಿನ ಹೋಟೆಲುಗಳಲ್ಲಿ ವಾರಗಟ್ಟಲೆ ಇದೇ ಮಾತು. (ಶಿವಮೊಗ್ಗದವರಿಗೆ ಸವಳಂಗ ಎಂದರೆ ಊರಿಗಿಂತ ಮೊದಲು ತಮ್ಮ ಪೇಟೆಯ ಒಂದು ರಸ್ತೆಯ ಹೆಸರು ನೆನಪಾಗುತ್ತದೆ, ಆ ರಸ್ತೆ ಬಂದು ಮುಟ್ಟುವ ಊರಿನವಳು ನಾನು.) ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ನಗುತ್ತಲೇ, “ಮೇಡಂ, ನೀವೂ ಅಂಥದ್ದೇ ಏನೋ ಪೊಲೀಸ್ ಸೀರಿಯಲ್ ನೋಡ್ತಿದ್ದೀರಂತಲ್ಲ, ಹುಷಾರು” ಎಂದರು. ನಾನು ನೋಡುತ್ತಿದ್ದದ್ದು ‘ದಿ ವೈರ್’. ಅಮೆರಿಕದ ಎಚ್‌ಬಿಒ ವಾಹಿನಿ 2002ರಿಂದ 2008ರವರೆಗೆ ಐದು ಸೀಸನ್‌ಗಳಲ್ಲಿ, 60 ಕಂತುಗಳಲ್ಲಿ ತೋರಿಸಿದ ಸರಣಿ. ಬಾಲ್ಟಿಮೋರ್ ಎಂಬ ಬಂದರು ನಗರದ ಪೊಲೀಸರು ಮತ್ತು ಮಾದಕ ವಸ್ತು ಮಾರುವವರ ಕಥೆ. ತಮಾಷೆಗೆ ಕೇಳಿದ ಆ ಪ್ರಶ್ನೆಯನ್ನು ನಾನು ಮಾತ್ರ ತಮಾಷೆಯಾಗಿ ಬಿಡಲಾಗಲಿಲ್ಲ. ಅಪರಾಧದ ಕಥೆ ನೋಡುವವರಿಗೆ ಏನನ್ನು ಕಲಿಸುತ್ತದೆ?

‘ಮನಿ ಹೀಸ್ಟ್’ ಕಲಿಸುವುದು ಒಂದೇ ಪಾಠ: ಬುದ್ಧಿವಂತನೊಬ್ಬ ಎಲ್ಲವನ್ನೂ ಮುಂಚೆಯೇ ಯೋಚಿಸಿರುತ್ತಾನೆ, ಪೊಲೀಸರು ಮುಂದಿಡುವ ಹೆಜ್ಜೆಯನ್ನೂ ಅವನೇ ಬರೆದಿಟ್ಟಿರುತ್ತಾನೆ. ‘ದಿ ವೈರ್’ ಇದಕ್ಕೆ ಸರಿಯಾಗಿ ತಿರುವುಮುರುವು. ಅಲ್ಲಿ ಯಾರ ಯೋಜನೆಯೂ ಫಲಿಸುವುದಿಲ್ಲ. ಪೊಲೀಸರದ್ದೂ ಇಲ್ಲ, ದಂಧೆಯವರದ್ದೂ ಇಲ್ಲ, ಮೇಯರ್ ಆಗಲು ಹೊರಟವನದ್ದೂ ಇಲ್ಲ. ಸ್ಟ್ರಿಂಗರ್ ಬೆಲ್ ಎಂಬ ಡ್ರಗ್ಸ್ ವ್ಯಾಪಾರಿ ಸಂಜೆ ಕಾಲೇಜಿಗೆ ಸೇರಿ ಅರ್ಥಶಾಸ್ತ್ರ ಓದುತ್ತಾನೆ, ತನ್ನ ಹುಡುಗರ ಸಭೆಯನ್ನು ನಿಯಮಾವಳಿಯ ಪ್ರಕಾರ ನಡೆಸುತ್ತಾನೆ, ಕೊಲೆ ಬಿಟ್ಟು ಕಟ್ಟಡ ಕಟ್ಟುವ ಗುತ್ತಿಗೆಗೆ ಇಳಿಯುತ್ತಾನೆ. ಅಲ್ಲಿ ಅವನನ್ನು ರಾಜಕಾರಣಿಗಳು ಎಷ್ಟು ಸಲೀಸಾಗಿ ಮೋಸ ಮಾಡುತ್ತಾರೆಂದರೆ, ಬೀದಿಯ ಕೊಲೆಗಾರರೇ ಮರ್ಯಾದಸ್ಥರಂತೆ ಕಾಣುತ್ತಾರೆ. ಇದನ್ನು ನೋಡಿ ಬ್ಯಾಂಕ್ ಒಡೆಯುವ ಆಸೆ ಯಾರಿಗೂ ಹುಟ್ಟಲಾರದು. ಪೊಲೀಸ್ ಕೆಲಸಕ್ಕೆ ಸೇರುವ ಆಸೆಯೂ ಹುಟ್ಟಲಾರದೇನೋ!

ಇದನ್ನು ಬರೆದವರು ಸಿನಿಮಾದಿಂದ ಬಂದವರಲ್ಲ. ಡೇವಿಡ್ ಸೈಮನ್ ‘ಬಾಲ್ಟಿಮೋರ್ ಸನ್’ ಪತ್ರಿಕೆಯಲ್ಲಿ ಅಪರಾಧ ವರದಿಗಾರರಾಗಿದ್ದವರು. ಅವರ ಜೊತೆಗಾರ ಎಡ್ ಬರ್ನ್ಸ್ ಅದೇ ಊರಿನ ಪೊಲೀಸ್ ಇಲಾಖೆಯಲ್ಲಿ ಪತ್ತೇದಾರರಾಗಿ ದುಡಿದು, ನಿವೃತ್ತಿಯ ನಂತರ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವರು. ರಿಚರ್ಡ್ ಪ್ರೈಸ್, ಜಾರ್ಜ್ ಪೆಲೆಕಾನೋಸ್, ಡೆನಿಸ್ ಲೆಹೇನ್ ಎಂಬ ಕಾದಂಬರಿಕಾರರು ಆಮೇಲೆ ಕೈಜೋಡಿಸಿದರು. ಆದ್ದರಿಂದಲೋ ಏನೋ ಇದು ಧಾರಾವಾಹಿಯಂತೆ ನೋಡಿಸಿಕೊಳ್ಳುವುದಿಲ್ಲ, ದೊಡ್ಡ ಕಾದಂಬರಿಯಂತೆ ಓದಿಸಿಕೊಳ್ಳುತ್ತದೆ. ಮೊದಲ ನಾಲ್ಕು ಕಂತುಗಳಲ್ಲಿ ಯಾರು ಯಾರೆಂದೇ ತಿಳಿಯುವುದಿಲ್ಲ. ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಎನ್ನಬಹುದು. ಹಾಡು ಕೇಳಿಸಿದರೆ ಅದು ಆ ದೃಶ್ಯದಲ್ಲಿರುವ ಕಾರಿನದ್ದೋ ಅಂಗಡಿಯದ್ದೋ ರೇಡಿಯೋ. ಇಲ್ಲಿ ಅಳಬೇಕು, ಇಲ್ಲಿ ಹೆದರಬೇಕು ಎಂದು ಪಿಟೀಲು ಹೇಳಿಕೊಡುವುದಿಲ್ಲ. ನಮ್ಮ ಧಾರಾವಾಹಿಗಳಲ್ಲಿ ಅತ್ತೆ ಬಾಗಿಲು ತೆರೆದರೂ ಸಿಡಿಲು ಹೊಡೆಯುತ್ತದೆ; ಅದಕ್ಕೆ ಒಗ್ಗಿದ ಕಿವಿಗೆ ಈ ಮೌನ ಮೊದಮೊದಲು ಕಷ್ಟವಾಯಿತು.

ಹೆಸರಿನ ‘ವೈರ್’ ಎಂದರೆ ಫೋನ್ ಕದ್ದಾಲಿಕೆ. ಮೊದಲ ಸೀಸನ್ನಿನಲ್ಲಿ ದಂಧೆಯ ಹುಡುಗರು ಬಳಸುವುದು ಪೇಜರ್ ಮತ್ತು ಬೀದಿಬದಿಯ ಕಾಯಿನ್ ಫೋನ್. ಪೇಜರಿಗೆ ಬರುವ ನಂಬರು ಸಂಕೇತದಲ್ಲಿರುತ್ತದೆ. ಫೋನಿನ ಗುಂಡಿಗಳಲ್ಲಿ ನಡುವಿನ 5ನ್ನು ದಾಟಿ ಆಚೆ ಬದಿಯ ಅಂಕಿಯನ್ನು ತೆಗೆದುಕೊಳ್ಳಬೇಕು: 1 ಇದ್ದರೆ 9, 2 ಇದ್ದರೆ 8, 5 ಮತ್ತು 0 ಪರಸ್ಪರ ಬದಲು. ಅಂಕಗಣಿತ ಚೆನ್ನಾಗಿ ಬಾರದ ಹುಡುಗರಿಗೂ ಸಲೀಸು. ಇದನ್ನು ಒಡೆಯುವವನು ಪ್ರೆಜ್ ಎಂಬ, ಬಂದೂಕು ಹಿಡಿದರೆ ಅನಾಹುತವನ್ನೇ ಮಾಡುವ, ಯಾರಿಗೂ ಬೇಡವಾದ ಪೊಲೀಸು. ಆದರೆ ಸಂಕೇತ ಒಡೆದ ಮಾತ್ರಕ್ಕೆ ಕೇಳಿಸಿಕೊಳ್ಳುವಂತಿಲ್ಲ. ಬೇರೆಲ್ಲ ದಾರಿ ಮುಚ್ಚಿದೆ ಎಂದು ನ್ಯಾಯಾಧೀಶರ ಮುಂದೆ ಕಾಗದದಲ್ಲಿ ತೋರಿಸಬೇಕು. ಅನುಮತಿ ಸಿಕ್ಕ ಮೇಲೂ, ಮಾತು ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ ಎಂದು ಕಂಡರೆ ಕೇಳುವುದನ್ನು ನಿಲ್ಲಿಸಬೇಕು. ಯಾವ ಫೋನಿನ ಬಳಿ ಯಾರಿದ್ದರು ಎಂದು ಚಾವಣಿಯ ಮೇಲೆ ಕೂತ ಇನ್ನೊಬ್ಬ ಕಣ್ಣಾರೆ ಕಂಡು ಬರೆದಿಡಬೇಕು. ಕಂತುಗಟ್ಟಲೆ ಇದೇ. ಟೈಪ್‌ರೈಟರ್, ಫೈಲು, ಗೋಡೆಗೆ ಅಂಟಿಸಿದ ಫೋಟೋ, ತಣ್ಣಗಾದ ಕಾಫಿ.

ಕರ್ನಾಟಕದವರಿಗೆ ಫೋನ್ ಕದ್ದಾಲಿಕೆ ಎಂದ ಕೂಡಲೇ ನೆನಪಾಗುವುದು ಕಳ್ಳರಲ್ಲ, ಮುಖ್ಯಮಂತ್ರಿಗಳು. 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟದ್ದು ಈ ವಿವಾದದಲ್ಲೇ. 1996ರಲ್ಲಿ ಸುಪ್ರೀಂ ಕೋರ್ಟ್ ಕದ್ದಾಲಿಕೆಗೆ ನಿಯಮಗಳನ್ನು ಹಾಕಿತು. ಆದರೂ ನಮ್ಮಲ್ಲಿ ಅನುಮತಿ ಕೊಡುವುದು ನ್ಯಾಯಾಧೀಶರಲ್ಲ, ಗೃಹ ಇಲಾಖೆಯ ಕಾರ್ಯದರ್ಶಿ. ಈ ವ್ಯತ್ಯಾಸ ತಲೆಯಲ್ಲಿದ್ದವರಿಗೆ ‘ದಿ ವೈರ್’ನ ಒಂದು ನಂಬಿಕೆ ಸ್ವಲ್ಪ ಇರುಸುಮುರುಸು ಮಾಡುತ್ತದೆ. ಕದ್ದು ಕೇಳುವುದೇ ಒಳ್ಳೆಯ ಪೊಲೀಸ್ ಕೆಲಸ, ಹುಡುಗರನ್ನು ಗೋಡೆಗೆ ಒತ್ತಿ ಹೊಡೆಯುವುದು ಕೆಟ್ಟ ಪೊಲೀಸ್ ಕೆಲಸ ಎಂದು ಸರಣಿ ನಂಬಿದೆ. ಎರಡನೆಯದು ಕೆಟ್ಟದ್ದು, ಒಪ್ಪೋಣ. ಮೊದಲನೆಯದು ಕೇಳುವವರ ಕೈಯಲ್ಲಿ ಏನಾಗುತ್ತದೆ ಎಂಬ ಭಯ ಸೈಮನ್‌ಗೆ ಇದ್ದಂತಿಲ್ಲ. ನಮಗೆ ಇದೆ.

ನ್ಯಾಮತಿಯ ಪ್ರಕರಣದಲ್ಲಂತೂ ಕೇಳಲು ಫೋನೇ ಇರಲಿಲ್ಲ. ಆರೋಪಿಗಳು ಆ ಹೊತ್ತಿನಲ್ಲಿ ಮೊಬೈಲ್ ಬಳಸಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಐದು ತಿಂಗಳು ಯಾರು ಯಾವ ರಸ್ತೆಯ ಯಾವ ಕ್ಯಾಮೆರಾ ನೋಡಿದರೋ, ಯಾವ ಟೋಲ್‌ಗೇಟಿನಲ್ಲಿ ನಿಂತರೋ, ಯಾವ ಕಾನ್‌ಸ್ಟೇಬಲ್ ಎಷ್ಟು ರಾತ್ರಿ ಮನೆಗೆ ಹೋಗಲಿಲ್ಲವೋ, ಅದನ್ನು ಯಾರೂ ಹೋಟೆಲಿನಲ್ಲಿ ಕೂತು ಮಾತಾಡಲಿಲ್ಲ. ಇನ್ನೊಂದನ್ನೂ ಮಾತಾಡಲಿಲ್ಲ. ಪೊಲೀಸರ ಪ್ರಕಾರ ಮುಖ್ಯ ಆರೋಪಿ ನ್ಯಾಮತಿಯಲ್ಲೇ ಅಂಗಡಿ ಇಟ್ಟುಕೊಂಡಿದ್ದವನು. 15 ಲಕ್ಷ ಸಾಲಕ್ಕೆ ಅರ್ಜಿ ಹಾಕಿ, ಅದು ತಿರಸ್ಕೃತವಾಗಿತ್ತು. ‘ಮನಿ ಹೀಸ್ಟ್’ನವರಿಗೆ ಇದು ಒಂದು ಸಾಲಿನ ಕಾರಣ. ‘ದಿ ವೈರ್’ನವರಿಗೆ ಸಿಕ್ಕಿದ್ದರೆ ಇದೇ ಒಂದು ಸೀಸನ್. ಸಾಲ ಕೊಡುವವರು ಯಾರು, ಯಾರಿಗೆ ಕೊಡುತ್ತಾರೆ, ಯಾರ ಒಡವೆ ಯಾಕೆ ಆ ತಿಜೋರಿಯಲ್ಲಿ ವರ್ಷಗಟ್ಟಲೆ ಕೂತಿರುತ್ತದೆ ಎಂದು ಕೇಳುತ್ತ ಹೋಗುತ್ತಿದ್ದರು. ಕಳ್ಳ ಅದರಲ್ಲಿ ಒಂದು ಪಾತ್ರ ಮಾತ್ರ ಆಗಿರುತ್ತಿದ್ದ.

ನಮ್ಮ ತೆರೆಯ ಪೊಲೀಸರನ್ನು ನೆನೆದರೆ ಮೊದಲು ಕೇಳಿಸುವುದು ದನಿ. 1996ರ ‘ಪೊಲೀಸ್ ಸ್ಟೋರಿ’ಯಲ್ಲಿ ಸಾಯಿಕುಮಾರ್ ಗುಡುಗಿದ ಮೇಲೆ ಕನ್ನಡದ ಇನ್ಸ್‌ಪೆಕ್ಟರುಗಳು ಪಿಸುಮಾತು ಮರೆತರು. ಟೀವಿಗೆ ಬಂದರೆ ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆ ನಡೆಸಿಕೊಡುತ್ತಿದ್ದ ‘ಕ್ರೈಂ ಡೈರಿ’ ಇತ್ತು. ಅಪರಾಧ ಒಂದು ಕಥೆ, ಕಥೆಗೊಬ್ಬ ಕಥೆಗಾರ ಬೇಕು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆ ಕಥನ ಕೌಶಲಕ್ಕೆ ಸೋತವರಲ್ಲಿ ನಾನೂ ಒಬ್ಬಳು. ಆದರೆ ಅಲ್ಲಿ ಅಪರಾಧ ಎಂದರೆ ವ್ಯಕ್ತಿ: ಅವನ ಕಾಮ, ಅವನ ದುರಾಸೆ, ಅವನ ಕೊನೆ. ವ್ಯವಸ್ಥೆಯ ಹತ್ತಿರ ಹೋದವರು ಟಿ.ಎನ್. ಸೀತಾರಾಮ್. ‘ಮಾಯಾಮೃಗ’, ‘ಮನ್ವಂತರ’, ‘ಮುಕ್ತ’ಗಳಲ್ಲಿ ಮಧ್ಯಮ ವರ್ಗದ ಮನೆಯೊಳಕ್ಕೆ ಕೋರ್ಟು, ಕಚೇರಿ, ಚುನಾವಣೆ ಬಂದು ಕೂತವು. ಕನ್ನಡ ಟೀವಿಗೆ ಅದು ಸಣ್ಣ ಸಾಧನೆಯಲ್ಲ. ಆದರೆ ಸಿ.ಎಸ್.ಪಿ. ಎಂಬ ವಕೀಲ ಎದ್ದು ನಿಂತರೆ ಸತ್ಯ ಹೊರಬರುತ್ತದೆ ಎಂಬ ಭರವಸೆ ನಮಗಿರುತ್ತಿತ್ತು. ಬಾಲ್ಟಿಮೋರಿನ ಆ ಸರಣಿಯಲ್ಲಿ ಅಂಥ ವಕೀಲನಿಲ್ಲ. ಇರುವ ವಕೀಲ ದಂಧೆಯವರದ್ದೇ ಫೈಲು ಮಾರುತ್ತಾನೆ.

ಹಾಗೆಂದು ಇಂಥ ಕಥೆ ಕನ್ನಡದಲ್ಲಿ ಇಲ್ಲವೆಂದಲ್ಲ. ಪುಸ್ತಕದಲ್ಲಿದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನು ನೆನಪಿಸಿಕೊಳ್ಳಿ. ಏಲಕ್ಕಿ ಇಳುವರಿ ಯಾಕೆ ಕುಸಿಯಿತು, ವಿಜ್ಞಾನಿ ಜೋಗಿಹಾಳ ಹೇಗೆ ಸತ್ತ ಎಂಬ ತನಿಖೆಗೆ ಅಂಗಡಿ ಎಂಬಾತ ಕೆಸರೂರಿಗೆ ಬರುತ್ತಾನೆ. ಪತ್ತೇದಾರಿ ಕಾದಂಬರಿ ಎಂದು ಕೂತ ಓದುಗನಿಗೆ ಸಿಗುವುದು ಊರಿನ ಜಾತಿ, ಪ್ರೇಮ, ಕಳ್ಳನಾಟಾ, ಹುಡುಗರ ಕ್ರಾಂತಿ, ಮೂಢನಂಬಿಕೆ. ತನಿಖೆ ಎಲ್ಲೋ ಕರಗಿಹೋಗಿ, ಕೊನೆಗೆ ಬೆಂಕಿ ಊರನ್ನೇ ಸುತ್ತಿಕೊಳ್ಳುತ್ತದೆ. ‘ಜುಗಾರಿ ಕ್ರಾಸ್’ನಲ್ಲಂತೂ ಏಲಕ್ಕಿ ಬೆಳೆಯುವ ಸಾಮಾನ್ಯ ದಂಪತಿ ಒಂದು ದಿನದ ಮಟ್ಟಿಗೆ ಕಳ್ಳಸಾಗಣೆಯ ಜಾಲದ ಮೈಮೇಲೆ ಕಾಲಿಟ್ಟುಬಿಡುತ್ತಾರೆ, ಜಾಲ ಎಷ್ಟು ದೊಡ್ಡದೆಂದು ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ತೇಜಸ್ವಿ ಮೂಡಿಗೆರೆಯಲ್ಲಿ ಕೂತು ಎಂಬತ್ತು–ತೊಂಬತ್ತರ ದಶಕದಲ್ಲಿ ಮಾಡಿದ್ದನ್ನೇ ಸೈಮನ್ ಬಾಲ್ಟಿಮೋರಿನಲ್ಲಿ ಮಾಡಿದರು. ಅಪರಾಧಿಯನ್ನು ಹುಡುಕುವ ನೆಪದಲ್ಲಿ ಊರನ್ನು ಹುಡುಕುವುದು. ಒಂದು ವ್ಯತ್ಯಾಸ: ತೇಜಸ್ವಿ ನಗಿಸುತ್ತಾರೆ, ಪ್ರಕೃತಿಗೆ ಕೊನೆಯ ಮಾತು ಬಿಡುತ್ತಾರೆ. ಸೈಮನ್‌ಗೆ ಪ್ರಕೃತಿಯಿಲ್ಲ. ಇಡೀ 60 ಕಂತುಗಳಲ್ಲಿ ನೆನಪಿನಲ್ಲಿ ಉಳಿಯುವಂಥ ಒಂದು ಮರವಿಲ್ಲ.

ಗ್ರೀಕ್ ದುರಂತ ನಾಟಕಗಳಲ್ಲಿ ದೇವತೆಗಳು ಮನುಷ್ಯರನ್ನು ಹೊಸಕಿದ ಹಾಗೆ ಇಲ್ಲಿ ಸಂಸ್ಥೆಗಳು ಹೊಸಕುತ್ತವೆ ಎಂದು ಸೈಮನ್ ಸಂದರ್ಶನಗಳಲ್ಲಿ ಹೇಳಿದ್ದುಂಟು. ಗ್ರೀಸಿನವರೆಗೆ ಹೋಗದೆಯೂ ಇದನ್ನು ಓದಬಹುದು. ‘ಒಡಲಾಳ’ದಲ್ಲಿ ಕಡಲೆಕಾಯಿ ಕಳುವಿನ ತಪಾಸಣೆಗೆ ಸಾಕವ್ವನ ಮನೆಗೆ ಪೊಲೀಸರು ಬರುವ ಭಾಗವನ್ನು ನಾನು ತರಗತಿಯಲ್ಲಿ ಓದಿ ಹೇಳಿದ್ದೇನೆ. ರಾತ್ರಿಯಿಡೀ ಒಲೆಯ ಸುತ್ತ ಕೂತು ಮನೆಮಂದಿ ತಿಂದು ಮುಗಿಸಿದ ಕಡಲೆಕಾಯಿ, ಬೆಳಗಾದರೆ ಸರ್ಕಾರ. ದೇವನೂರರು ಅಲ್ಲಿ ಪೊಲೀಸರನ್ನು ಬೈಯುವುದಿಲ್ಲ, ಬಡತನಕ್ಕೆ ಮರುಗುವುದೂ ಇಲ್ಲ. ಇಬ್ಬರೂ ಒಂದೇ ಅಂಗಳದಲ್ಲಿ ನಿಂತಿರುವುದನ್ನು ತೋರಿಸುತ್ತಾರೆ, ಅಷ್ಟೆ. ‘ದಿ ವೈರ್’ ತನ್ನ ಅತ್ಯುತ್ತಮ ಗಳಿಗೆಗಳಲ್ಲಿ ಮುಟ್ಟುವ ಎತ್ತರ ಅದು.

ಭಾಷೆಯ ಬಗ್ಗೆ ಒಂದು ಮಾತು. ಆ ಹುಡುಗರು ತಮ್ಮ ವ್ಯವಹಾರವನ್ನು ಕರೆಯುವುದು ‘ಆಟ’ ಎಂದು. ನಾವು ‘ದಂಧೆ’ ಎನ್ನುತ್ತೇವೆ. ದಂಧೆ ಎಂದರೆ ಮೂಲದಲ್ಲಿ ಕಸುಬು, ವ್ಯಾಪಾರ. ಹಿಂದಿಯಲ್ಲಿ ಈಗಲೂ ಆ ಅರ್ಥವಿದೆ. ಕನ್ನಡಕ್ಕೆ ಬರುವಾಗ ಅದು ಮರಳು, ಗಾಂಜಾ, ಮೈಮಾರಾಟಗಳಿಗೆ ಅಂಟಿಕೊಂಡು ಕಪ್ಪಾಯಿತು. ಆಟ ಎನ್ನುವವನಿಗೆ ನಿಯಮವಿದೆ, ಸೋಲು ಗೆಲುವಿದೆ, ಆಟ ಮುಗಿಸಿ ಮನೆಗೆ ಹೋಗುವ ಸುಳ್ಳು ಆಸೆಯೂ ಇದೆ. ಮೊದಲ ಸೀಸನ್ನಿನಲ್ಲಿ ಡಿಆಂಜೆಲೊ ಎಂಬವನು ಇಬ್ಬರು ಹುಡುಗರಿಗೆ ಚದುರಂಗ ಹೇಳಿಕೊಡುವ ದೃಶ್ಯ ಪ್ರಸಿದ್ಧ. ಕಾಲಾಳು ಕೊನೆಯ ಮನೆ ಮುಟ್ಟಿದರೆ ರಾಜನಾಗಬಹುದೇ ಎಂಬುದು ಹುಡುಗನ ಪ್ರಶ್ನೆ. ರಾಜ ರಾಜನೇ, ಕಾಲಾಳುಗಳು ಬೇಗ ಸಾಯುತ್ತವೆ ಎಂಬ ಉತ್ತರ. ಸ್ವಲ್ಪ ಹೆಚ್ಚೇ ಅಚ್ಚುಕಟ್ಟಾದ ರೂಪಕ ಎಂದು ಆಗ ಅನ್ನಿಸಿತು. ಆ ಇಬ್ಬರಲ್ಲಿ ಒಬ್ಬ, ಹದಿನಾರು ತುಂಬಿದ ವ್ಯಾಲೆಸ್, ಅದೇ ಸೀಸನ್ನಿನಲ್ಲಿ ಇನ್ನೊಬ್ಬನ ಕೈಯಿಂದಲೇ ಸತ್ತಾಗ ನನ್ನ ತಕರಾರು ಬಾಯಲ್ಲೇ ಉಳಿಯಿತು. ವ್ಯಾಲೆಸ್ ತಾನಿರುವ ಪಾಳುಮನೆಯಲ್ಲಿ ಚಿಕ್ಕ ಮಕ್ಕಳನ್ನು ಬೆಳಗ್ಗೆ ಎಬ್ಬಿಸಿ, ಕೈಗೆ ಜ್ಯೂಸ್ ಪ್ಯಾಕೆಟ್ಟು, ಚಿಪ್ಸು ಕೊಟ್ಟು ಶಾಲೆಗೆ ಅಟ್ಟುತ್ತಿದ್ದ. ಆ ಮಕ್ಕಳಿಗೆ ಆಮೇಲೆ ಏನಾಯಿತೆಂದು ಸರಣಿ ಹೇಳುವುದಿಲ್ಲ.

ಪೊಲೀಸ್ ಅಧಿಕಾರಿಗಳಿಗೆ ಬೇಕಾದದ್ದು ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ಹರಡಲು ಮಾಲು. ಮೇಜು, ಮೇಲೆ ಪೊಟ್ಟಣಗಳು, ಹಿಂದೆ ಸಾಲಾಗಿ ನಿಂತ ಅಧಿಕಾರಿಗಳು. ಈ ಚಿತ್ರ ನಮ್ಮ ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ಹೊಸದಲ್ಲ. ಮೆಕ್ಕೆಜೋಳದ ನಡುವೆ ಬೆಳೆದ ಗಾಂಜಾ ಗಿಡ, ಒಬ್ಬ ರೈತನ ಬಂಧನ, ಫೋಟೋ. 1985ರ ಎನ್‌ಡಿಪಿಎಸ್ ಕಾಯ್ದೆಯ ಲೆಕ್ಕದಲ್ಲಿ ಗಾಂಜಾ ಒಂದು ಕಿಲೋವರೆಗೆ ‘ಅಲ್ಪ ಪ್ರಮಾಣ’, 20 ಕಿಲೋ ದಾಟಿದರೆ ‘ವಾಣಿಜ್ಯ ಪ್ರಮಾಣ’. ವಾಣಿಜ್ಯ ಪ್ರಮಾಣವಾದರೆ ಜಾಮೀನು ಸಿಗುವುದೇ ದುಸ್ತರ. ಕಾನೂನು ದೊಡ್ಡವರನ್ನು ಹಿಡಿಯಲು ಹೀಗೆ ಭಾಗ ಮಾಡಿದೆ. ಆದರೆ ಸಿಗರೇಟಿನಲ್ಲಿ ತುಂಬಿ ಸೇದಿದ ಹುಡುಗನ ಮೇಲೆ ಹಾಕಿದ ಕೇಸೂ ಒಂದು, ಲಾರಿಯಲ್ಲಿ ಮೂಟೆ ತಂದವನ ಮೇಲಿನ ಕೇಸೂ ಒಂದು. ವರ್ಷದ ಕೊನೆಯ ಪಟ್ಟಿಯಲ್ಲಿ ಎರಡೂ ಕೂಡಿ ಎರಡು. ಎಣಿಕೆ ಬೇಕಾದವನು ಯಾವುದರ ಬೆನ್ನು ಹತ್ತುತ್ತಾನೆ ಎಂದು ಹೇಳಬೇಕಿಲ್ಲ. ಮೂರನೇ ಸೀಸನ್ನಿನ ಮೇಜರ್ ಕೋಲ್ವಿನ್ ಈ ಎಣಿಕೆಯಿಂದ ಬೇಸತ್ತು, ಮೂರು ಪಾಳುಬಿದ್ದ ಜಾಗಗಳಲ್ಲಿ ಮಾರಿಕೊಳ್ಳಿ, ಬೇರೆಡೆ ಕಂಡರೆ ಬಿಡುವುದಿಲ್ಲ ಎಂದು ದಂಧೆಯವರೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಅಪರಾಧ ಇಳಿಯುತ್ತದೆ, ಮುದುಕಿಯರು ಮತ್ತೆ ಮನೆಯ ಮೆಟ್ಟಿಲ ಮೇಲೆ ಕೂರುತ್ತಾರೆ, ಆದರೆ ಆ ಪಾಳು ಜಾಗ ನರಕವಾಗುತ್ತದೆ. ಸರಣಿ ಎರಡನ್ನೂ ತೋರಿಸುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ರಾಜ್ಯದಲ್ಲಿ, ಕಿರಾಣಿ ಅಂಗಡಿಯ ಬಿಸ್ಕತ್ತಿನ ಡಬ್ಬಿಯ ಹಿಂದೆ ಮದ್ಯದ ಪೊಟ್ಟಣ ಇರುವುದನ್ನು ಬಲ್ಲ ನಮಗೆ ಈ ಸೀಸನ್ನನ್ನು ವಿವರಿಸಿ ಹೇಳಬೇಕಿಲ್ಲ.

ನನ್ನ ಮಟ್ಟಿಗೆ ‘ದಿ ವೈರ್’ ಎಂದರೆ ನಾಲ್ಕನೇ ಸೀಸನ್. ಉಳಿದದ್ದನ್ನು ಮೆಚ್ಚಿಕೊಂಡು ನೋಡಿದೆ, ಇದನ್ನು ಕಷ್ಟಪಟ್ಟು ನೋಡಿದೆ. ಕಥೆ ಶಾಲೆಗೆ ಬರುತ್ತದೆ. ಪ್ರೆಜ್ ತಪ್ಪಾಗಿ ಸಹೋದ್ಯೋಗಿಯೊಬ್ಬನನ್ನೇ ಗುಂಡಿಟ್ಟು ಕೊಂದು, ಪೊಲೀಸ್ ಕೆಲಸ ಬಿಟ್ಟು, ಗಣಿತದ ಮೇಷ್ಟ್ರಾಗಿದ್ದಾನೆ. ಎಂಟನೇ ತರಗತಿ. ಮೈಕಲ್, ರ್‍ಯಾಂಡಿ, ನೇಮಂಡ್, ಡೂಕಿ ಎಂಬ ನಾಲ್ಕು ಹುಡುಗರು. ದಾಳ ಉರುಳಿಸಿ ಸಂಭವನೀಯತೆ ಹೇಳಿಕೊಟ್ಟಾಗ ತರಗತಿ ಮೊದಲ ಸಲ ಕಿವಿಗೊಡುತ್ತದೆ. ಅಷ್ಟರಲ್ಲಿ ಸರ್ಕಾರಿ ಪರೀಕ್ಷೆ ಹತ್ತಿರ ಬರುತ್ತದೆ. ಎಲ್ಲ ಪಾಠ ಬದಿಗಿಟ್ಟು ಮಾದರಿ ಪ್ರಶ್ನೆ ಉರು ಹೊಡೆಸಿ ಎಂಬ ಆದೇಶ. ಶಿಕ್ಷಕರ ಸಭೆಯಲ್ಲಿ ಕೂತ ಪ್ರೆಜ್‌ಗೆ ಥಟ್ಟನೆ ತಾನು ಬಿಟ್ಟುಬಂದ ಇಲಾಖೆ ನೆನಪಾಗುತ್ತದೆ. ಅಲ್ಲಿ ದರೋಡೆಯನ್ನು ಸಣ್ಣ ಕಳವು ಎಂದು ಬರೆದು ಅಪರಾಧ ಇಳಿಸುತ್ತಿದ್ದರು. ಇಲ್ಲಿ ಅಂಕ ಏರಿಸುತ್ತಾರೆ. ಮೇಜರು ಕರ್ನಲ್ ಆಗುವುದು ಹೀಗೆ ಎಂದು ಅವನಿಗೆ ಗೊತ್ತು.

ಹೈಸ್ಕೂಲಿನಲ್ಲಿ ಪಾಠ ಮಾಡುವವರಾರೂ ಈ ದೃಶ್ಯವನ್ನು ಬಾಲ್ಟಿಮೋರಿನದ್ದೆಂದು ನೋಡಲಾರರು. 2023ರಲ್ಲಿ ನಮ್ಮ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕ್ಯಾಮೆರಾ ಬಂತು; ಫಲಿತಾಂಶ ಶೇ 73.40. ಅದೂ ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಕ್ಯಾಮೆರಾ ತೋರಿಸಿದ್ದು ಮಕ್ಕಳನ್ನಲ್ಲ, ಅದಕ್ಕೂ ಹಿಂದಿನ ವರ್ಷಗಳ ನಮ್ಮ ಅಂಕಿಗಳನ್ನು. ಆಮೇಲೆ ನಡೆದದ್ದೂ ‘ದಿ ವೈರ್’ನ ಕಂತಿನಂತೆಯೇ. ಸಭೆ, ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಪಟ್ಟಿ, ಹಿಂದುಳಿದ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’. ಪ್ಯಾಕೇಜ್ ಎಂದರೆ ಪಾಸಾಗಲು ಬೇಕಾದಷ್ಟನ್ನು ಮಾತ್ರ ಉರು ಹೊಡೆಸುವುದು. ನಾನೂ ಮಾಡಿಸುತ್ತೇನೆ. ಮಾಡಿಸದಿದ್ದರೆ ಆ ಹುಡುಗಿ ಫೇಲಾಗಿ ಮದುವೆಯಾಗುತ್ತಾಳೆ ಎಂದು ಗೊತ್ತಿರುವಾಗ ಮಾಡಿಸದೆ ಇರುವುದು ಹೇಗೆ? ಸೈಮನ್ ಮತ್ತು ಬರ್ನ್ಸ್ ಇದನ್ನು ಅರ್ಥ ಮಾಡಿಕೊಂಡಿದ್ದಾರೆ ಎಂಬ ಕಾರಣಕ್ಕೆ ಅವರ ಮೇಲೆ ನನಗೆ ಗೌರವ. ಸುಳ್ಳು ಅಂಕಿಯನ್ನು ತಯಾರಿಸುವವರು ಅವರ ಕಥೆಯಲ್ಲಿ ಖಳರಲ್ಲ. ಬಹಳ ಸಲ ಅವರು ಮಕ್ಕಳನ್ನು ಪ್ರೀತಿಸುವವರೇ.

ಇನ್ನೊಂದು ದೃಶ್ಯ. ಶಾಲೆ ಬಿಟ್ಟ ಮಕ್ಕಳನ್ನು ಬೀದಿಯಲ್ಲಿ ಹಿಡಿದು ತರಲು ಕಟಿ ಎಂಬ, ಜೈಲಿನಿಂದ ಬಂದವನನ್ನು ನೇಮಿಸುತ್ತಾರೆ. ಒಬ್ಬ ಹುಡುಗನನ್ನು ಕಂಡು ಅವನು ಓಡಿದರೆ, ಜೊತೆಗಿದ್ದವನು ಬೇಡ ಎನ್ನುತ್ತಾನೆ: ಆ ಹುಡುಗನ ಸೆಪ್ಟೆಂಬರಿನ ಒಂದು ದಿನ ಆಗಿದೆ. ತಿಂಗಳಿಗೆ ಒಂದು ದಿನ ಹಾಜರಿ ಬಿದ್ದರೆ ಅನುದಾನಕ್ಕೆ ಸಾಕು. ನಮ್ಮ ತಾಲ್ಲೂಕಿನ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಹೇಗೆ ಇರುತ್ತದೆ ಎಂದು ಬಲ್ಲವರು ಬಲ್ಲರು. ಜೂನ್ 26ರ ಮಾದಕ ವಸ್ತು ವಿರೋಧಿ ದಿನದಂದು ನಾವು ಜಾಥಾ ಮಾಡುತ್ತೇವೆ, ಪ್ರತಿಜ್ಞೆ ಬೋಧಿಸುತ್ತೇವೆ. ಅಲ್ಲಿ ಸಾಲಿನಲ್ಲಿ ನಿಂತು ಕೈ ಮುಂದೆ ಚಾಚಿದ ಮಕ್ಕಳಿಗೆ ಪ್ರತಿಜ್ಞೆಯ ಅಗತ್ಯ ಕಡಿಮೆ. ಸಾಲಿನಲ್ಲಿ ಇಲ್ಲದ ಮಕ್ಕಳ ಬಗ್ಗೆ ನಾಲ್ಕನೇ ಸೀಸನ್ ಮಾತಾಡುತ್ತದೆ.

ದೋಷಗಳೂ ಇವೆ, ಸಣ್ಣವಲ್ಲ. ಹೆಂಗಸರು ಈ ಸರಣಿಗೆ ಅಷ್ಟಾಗಿ ಅರ್ಥವಾಗಿಲ್ಲ. ಕೀಮಾ ಎಂಬ ಪತ್ತೇದಾರಳೂ ಗಂಡಸು ಪೊಲೀಸರಂತೆ ಕುಡಿದು, ಅವರಂತೆ ಮನೆ ಮರೆಯಬಲ್ಲಳು ಎಂದು ತೋರಿಸುವುದೇ ಸಮಾನತೆ ಎಂದುಕೊಂಡಂತಿದೆ. ತಾಯಂದಿರು ಬಹುಪಾಲು ರಾಕ್ಷಸಿಯರು: ನೇಮಂಡನ ತಾಯಿ ಮಗನನ್ನು ಬೀದಿಗೆ ಅಟ್ಟುತ್ತಾಳೆ, ಮೈಕಲ್‌ನ ತಾಯಿ ಮನೆಯ ದಿನಸಿಯನ್ನೂ ಮಾರಿಕೊಳ್ಳುತ್ತಾಳೆ. ಆ ಬೀದಿಗಳಲ್ಲಿ ಮಕ್ಕಳನ್ನು ಹೇಗೋ ಉಳಿಸಿಕೊಂಡ ಹೆಂಗಸರೂ ಇದ್ದಿರಲೇಬೇಕು. ಕ್ಯಾಮೆರಾ ಅವರ ಅಡುಗೆಮನೆಗೆ ಹೋಗಿದ್ದು ಅಪರೂಪ. ಓಮರ್ ಎಂಬ, ದಂಧೆಯವರನ್ನೇ ದೋಚುವ ಒಂಟಿ ಬಂದೂಕುಗಾರ ಎಲ್ಲರ ಪ್ರೀತಿಯ ಪಾತ್ರ. ಅವನು ಬಂದಾಗಲೆಲ್ಲ ಸರಣಿ ತನ್ನ ಶಿಸ್ತು ಮರೆತು ನಮ್ಮ ಸಿನಿಮಾದಂತಾಗುತ್ತದೆ. ಕೊನೆಗೆ ಅವನನ್ನು ಅಂಗಡಿಯಲ್ಲಿ ಸಿಗರೇಟು ಕೊಳ್ಳುವಾಗ ಒಬ್ಬ ಪುಟ್ಟ ಹುಡುಗನ ಕೈಯಲ್ಲಿ ಕೊಲ್ಲಿಸಿ ಪ್ರಾಯಶ್ಚಿತ್ತ ಮಾಡಿಕೊಂಡಿದ್ದಾರೆ. ಓಮರ್ ಆಗಿ ನಟಿಸಿದ ಮೈಕಲ್ ಕೆ. ವಿಲಿಯಮ್ಸ್ 2021ರ ಸೆಪ್ಟೆಂಬರಿನಲ್ಲಿ ಮಾದಕ ವಸ್ತುವಿನಿಂದಲೇ ಸತ್ತರು. ಅದು ಗೊತ್ತಿದ್ದು ನೋಡಿದವಳಿಗೆ ಆ ಪಾತ್ರದ ಶಿಳ್ಳೆ ಬೇರೆ ರೀತಿ ಕೇಳಿಸುತ್ತದೆ.

ಐದನೇ ಸೀಸನ್ ದುರ್ಬಲ. ಪತ್ರಿಕಾಲಯದ ಕಥೆಯಲ್ಲಿ ಸೈಮನ್ ತಮ್ಮ ಹಳೆಯ ಸಿಟ್ಟು ತೀರಿಸಿಕೊಳ್ಳುತ್ತಾರೆ. ಸುಳ್ಳು ಬರೆಯುವ ವರದಿಗಾರ ಪೂರ್ತಿ ಕೆಟ್ಟವನು, ಅವನನ್ನು ಅನುಮಾನಿಸುವ ಸಂಪಾದಕ ಪೂರ್ತಿ ಒಳ್ಳೆಯವನು. ನಾಲ್ಕು ಸೀಸನ್ ಡ್ರಗ್ಸ್ ಮಾರುವವರಿಗೂ ತೋರಿಸಿದ ನ್ಯಾಯವನ್ನು ಅವರು ತಮ್ಮದೇ ಕಸುಬಿನವರಿಗೆ ತೋರಿಸಲಿಲ್ಲ. ತಮಗೆ ಅತಿ ಹತ್ತಿರದ ಲೋಕವನ್ನು ಬರೆಯುವಾಗ ದೊಡ್ಡ ಲೇಖಕರೂ ಹೀಗೆ ಎಡವುವುದುಂಟು.

ಆದರೂ ಆ ಸೀಸನ್ನಿನ ಕೊನೆಯ ಕಂತಿಗಾಗಿ ಅದನ್ನು ನೋಡಬೇಕು. ನಾಲ್ವರು ಹುಡುಗರಲ್ಲಿ ನೇಮಂಡ್ ಮಾತ್ರ ಉಳಿದುಕೊಂಡಿದ್ದಾನೆ, ಕೋಲ್ವಿನ್ ಅವನನ್ನು ಮನೆಗೆ ಕರೆದೊಯ್ದದ್ದರಿಂದ. ಪೊಲೀಸರಿಗೆ ಮಾತು ಕೊಟ್ಟ ತಪ್ಪಿಗೆ ಮನೆ ಸುಟ್ಟು ರ್‍ಯಾಂಡಿ ಅನಾಥಾಲಯ ಸೇರಿದ. ಮೈಕಲ್ ಬಂದೂಕು ಹಿಡಿದ. ಡೂಕಿ, ಒಗೆಯದ ಬಟ್ಟೆಯ ವಾಸನೆಗೆ ತರಗತಿಯಲ್ಲಿ ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳದ, ಕಂಪ್ಯೂಟರ್ ಮುಟ್ಟಿದರೆ ಕಣ್ಣರಳಿಸುತ್ತಿದ್ದ ಡೂಕಿ, ಶಾಲೆಯ ಬಾಗಿಲಿಗೆ ಬಂದು ಪ್ರೆಜ್‌ನ ಹತ್ತಿರ ದುಡ್ಡು ಕೇಳುತ್ತಾನೆ. ಮತ್ತೆ ಓದಲು ಸೇರಬೇಕು, ಫೀಸಿಗೆ ಬೇಕು. ಇಷ್ಟು ಹೊತ್ತಿಗೆ ಪ್ರೆಜ್ ಗಡ್ಡ ಬಿಟ್ಟು ಒಳ್ಳೆಯ ಮೇಷ್ಟ್ರಾಗಿದ್ದಾನೆ. ಒಳ್ಳೆಯ ಮೇಷ್ಟ್ರಾಗಿರುವುದರಿಂದಲೇ ಅವನಿಗೆ ಇದು ಸುಳ್ಳಿರಬಹುದು ಎಂದು ಗೊತ್ತು. ಹೋಗಿ ವಿಚಾರಿಸುತ್ತೇನೆ ಎಂದು ಹುಡುಗನಿಗೆ ಹೇಳಿಯೂ ಹೇಳುತ್ತಾನೆ. ದುಡ್ಡು ಕೊಡುತ್ತಾನೆ. ಡೂಕಿಯನ್ನು ಕಾರಿನಲ್ಲಿ ಬಿಟ್ಟು, ಅವನು ಗುಜರಿ ಗಾಡಿಯವನ ಕಡೆ ನಡೆದುಹೋಗುವುದನ್ನು ಒಂದು ಕ್ಷಣ ನೋಡಿ, ಕಾರು ತಿರುಗಿಸುತ್ತಾನೆ. ಅವನ ಮುಖದಲ್ಲಿ ಆಶ್ಚರ್ಯ ಇಲ್ಲ.

ಆ ದುಡ್ಡು ಕೊಡಬಾರದಿತ್ತು ಎಂದು ವಾದಿಸುವವರನ್ನು ಕಂಡಿದ್ದೇನೆ. ಅವರ ಲೆಕ್ಕ ಸರಿ. ಮರುದಿನ ಬೆಳಗ್ಗೆ ಹಾಜರಿ ಕರೆಯುವಾಗ ಒಂಬತ್ತನೇ ತರಗತಿಯಲ್ಲಿ ಎರಡು ಹೆಸರಿಗೆ ಉತ್ತರ ಬರಲಿಲ್ಲ. ಅಡಿಕೆ ಸುಲಿಯುವ ಕಾಲ. ಪಕ್ಕದಲ್ಲಿ ಕೂರುವ ಹುಡುಗನನ್ನು ಕೇಳಿದೆ. “ಬರ್ತಾನ್ರಿ ಮೇಡಂ, ಸೋಮವಾರ” ಎಂದ.